ಹಳೆಯ ವೇಗದ ಕಾರು, ದಿನನಿತ್ಯದ ಓಡಾಟ: ರಿಪೇರಿ ಮಾಡಿಸುವುದೇ, ಮಾರುವುದೇ, ಜೊತೆಗೆ ಇನ್ನೊಂದು ಕೊಳ್ಳುವುದೇ?

2011ರಲ್ಲಿ ಬಂದ ಸ್ಕೋಡಾ ಲಾರಾ ವಿಆರ್‌ಎಸ್, 2013ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 2015ರ ಅಬಾರ್ತ್ ಪುಂಟೊ, ಅದೇ ಕಾಲದ ಬಿಎಂಡಬ್ಲ್ಯು 3 ಸೀರೀಸ್ ಇವೆಲ್ಲ ಈಗ ಹತ್ತರಿಂದ ಹದಿನೈದು ವರ್ಷ ವಯಸ್ಸಿನ ಕಾರುಗಳು. ಬೆಂಗಳೂರಿನಲ್ಲಿ ಇವುಗಳನ್ನು ಇಂದಿಗೂ ದಿನವೂ ಕಚೇರಿಗೆ ಓಡಿಸುವವರಿದ್ದಾರೆ. ಅವರೆಲ್ಲರೂ ಒಂದಲ್ಲ ಒಂದು ದಿನ ಗ್ಯಾರೇಜಿನ ಎಸ್ಟಿಮೇಟ್ ಕೈಯಲ್ಲಿ ಹಿಡಿದು, ಐದು ಲಕ್ಷಕ್ಕೆ ಹೋಗುವ ಕಾರಿಗೆ ಒಂದೂವರೆ ಲಕ್ಷ ಸುರಿಯುವುದು ಮೂಗಿಗಿಂತ ಮೂಗುತಿ ಭಾರವಾಗುವ ಕೆಲಸವಲ್ಲವೇ ಎಂದು ಯೋಚಿಸುತ್ತಾರೆ. ಆ ಯೋಚನೆ ಸಹಜವಾದುದಾದರೂ ಅದರ ಹಿಂದಿರುವ ಹೋಲಿಕೆ ತಪ್ಪು. ರಿಪೇರಿಯ ಬಿಲ್ಲನ್ನು ಕಾರಿನ ಮಾರುಕಟ್ಟೆ ಬೆಲೆಯೊಂದಿಗೆ ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ. ಈ ಕಾರು ವರ್ಷಕ್ಕೆ ಎಷ್ಟು ಹಣವನ್ನೂ ಎಷ್ಟು ದಿನಗಳನ್ನೂ ತಿನ್ನುತ್ತದೆ, ಇದರ ಬದಲಿಗೆ ಬರುವ ಕಾರು ಎಷ್ಟು ತಿನ್ನುತ್ತದೆ ಎಂಬುದಷ್ಟೇ ಹೋಲಿಸಬೇಕಾದ ಸಂಗತಿ.

ಬಿಲ್ಲು ಏಕೆ ಏರುತ್ತಾ ಹೋಗುತ್ತದೆ

ಮೊದಲ ಕಾರಣ ಓಡೋಮೀಟರಿನಲ್ಲಿ ಕಾಣಿಸುವುದಿಲ್ಲ. ನಗರಗಳ ಸಂಚಾರ ದಟ್ಟಣೆಯನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಂತೆ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡು ಬೇಕಾಗಿತ್ತು, ಅಂದರೆ ಗಂಟೆಗೆ ಸುಮಾರು 21 ಕಿ.ಮೀ. ವೇಗ. ಆ ವೇಗದಲ್ಲಿ 10,000 ಕಿ.ಮೀ. ಓಡಿದ ಎಂಜಿನ್ ಸುಮಾರು 470 ಗಂಟೆ ಉರಿದಿರುತ್ತದೆ. ಅಷ್ಟೇ ದೂರವನ್ನು ಹೆದ್ದಾರಿಯಲ್ಲಿ ಗಂಟೆಗೆ 70 ಕಿ.ಮೀ. ಸರಾಸರಿಯಲ್ಲಿ ಓಡಿದ ಎಂಜಿನ್ ಉರಿದಿರುವುದು 143 ಗಂಟೆ ಮಾತ್ರ. ಆದ್ದರಿಂದ ನಗರದ ಒಂದು ಲಕ್ಷ ಕಿ.ಮೀ. ಎಂಬುದು ಆಯಿಲ್, ವಾಟರ್ ಪಂಪ್, ಫ್ಯಾನ್, ಆಲ್ಟರ್ನೇಟರ್ ಮತ್ತು ಕ್ಲಚ್‌ಗಳ ಲೆಕ್ಕದಲ್ಲಿ ಹೆದ್ದಾರಿಯ ಮೂರು ಲಕ್ಷಕ್ಕೆ ಹತ್ತಿರವಾದುದು. ಕಂಪನಿ ಹೇಳುವ 15,000 ಕಿ.ಮೀ. ಆಯಿಲ್ ಬದಲಾವಣೆಯ ಅಂತರವನ್ನು ನಗರದಲ್ಲಿ ಹಾಗೆಯೇ ಪಾಲಿಸಿದರೆ ಅದೇ ಆಯಿಲ್ 700 ಗಂಟೆ ದುಡಿಯಬೇಕಾಗುತ್ತದೆ. ಟರ್ಬೊ ಎಂಜಿನ್ನಿನ ಆಯಿಲ್ ಹಳೆಯದಾದರೆ ಮೊದಲು ಬಲಿಯಾಗುವುದು ಆ ಆಯಿಲ್‌ನಿಂದಲೇ ತಂಪಾಗುವ ಟರ್ಬೊ ಬೇರಿಂಗ್ ಮತ್ತು ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತಾ ಎಂಜಿನ್ನಿನೊಳಗಿನ ಸರಪಳಿಯನ್ನು ಬಿಗಿಯಾಗಿಡುವ ಚೈನ್ ಟೆನ್ಷನರ್. 7,500 ಕಿ.ಮೀ.ಗೆ ಆಯಿಲ್ ಬದಲಿಸುವುದು ಈ ಕಾರುಗಳಲ್ಲಿ ಮಾಡಬಹುದಾದ ಅತಿ ಅಗ್ಗದ ರಿಪೇರಿ ಎಂದೇ ನಾನು ಹೇಳುತ್ತೇನೆ.

ಎರಡನೆಯ ಕಾರಣ ವಯಸ್ಸು. ಕೂಲೆಂಟ್ ಪೈಪು, ಥರ್ಮೋಸ್ಟಾಟ್ ಹೌಸಿಂಗ್, ವ್ಯಾಕ್ಯೂಮ್ ಪೈಪು, ಎಂಜಿನ್ ಮೌಂಟ್, ಸಸ್ಪೆನ್ಶನ್ ಬುಶ್ ಇವೆಲ್ಲ ರಬ್ಬರ್ ಮತ್ತು ಪ್ಲಾಸ್ಟಿಕ್ಕಿನಿಂದಾದವು. ಕಾರು ಓಡಲಿ ಬಿಡಲಿ, ಹತ್ತು ವರ್ಷದ ಶಾಖವನ್ನು ಕಂಡ ಮೇಲೆ ಅವು ಒಂದಾದ ಮೇಲೊಂದರಂತೆ ಬಿರುಕು ಬಿಡತೊಡಗುತ್ತವೆ. ಮೂರನೆಯದು ಬಿಡಿಭಾಗಗಳ ಬೆಲೆ. 2015ರಲ್ಲಿ ಒಂದು ಯೂರೋ 70 ರೂಪಾಯಿಯ ಆಸುಪಾಸಿನಲ್ಲಿತ್ತು, 2025ರಲ್ಲಿ ಅದು 100 ರೂಪಾಯಿ ದಾಟಿತು. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದದ್ದು ನಿಜವಾದರೂ, ಜರ್ಮನಿಯಿಂದ ಬರಬೇಕಾದ ಭಾಗಗಳ ಮಟ್ಟಿಗೆ ಯೂರೋದ ಏರಿಕೆ ಆ ಇಳಿಕೆಗಿಂತ ದೊಡ್ಡದು.

ಒಮ್ಮೆ ಮುಗಿಯುವ ರಿಪೇರಿ, ಮುಗಿಯದ ರಿಪೇರಿ

ಎಸ್ಟಿಮೇಟ್ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಮೊತ್ತವನ್ನಲ್ಲ. ಅದರಲ್ಲಿರುವ ಪ್ರತಿಯೊಂದು ಕೆಲಸವೂ ಒಮ್ಮೆ ಮಾಡಿಸಿದರೆ ಆರೇಳು ವರ್ಷ ಮತ್ತೆ ಬಾರದ ಜಾತಿಯದೋ, ವರ್ಷ ಕಳೆಯುವಷ್ಟರಲ್ಲಿ ಮರಳಿ ಬರುವ ಜಾತಿಯದೋ ಎಂಬುದನ್ನು ಗುರುತಿಸಬೇಕು. ಲಾರಾ ವಿಆರ್‌ಎಸ್‌ನಲ್ಲಿರುವ 1.8 ಟಿಎಸ್‌ಐ ಎಂಬ ಟರ್ಬೊ ಪೆಟ್ರೋಲ್ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಇದೇ ಕುಟುಂಬದ ಎಂಜಿನ್ ಆ ಕಾಲದ ಸೂಪರ್ಬ್ ಮತ್ತು ಆಡಿ ಕಾರುಗಳಲ್ಲಿಯೂ ಇದ್ದುದರಿಂದ ಇದರ ಕಾಯಿಲೆಗಳೆಲ್ಲ ಮೆಕ್ಯಾನಿಕ್‌ಗಳಿಗೆ ಬಾಯಿಪಾಠವಾಗಿವೆ.

ಮೊದಲನೆಯದು, ವಾಲ್ವ್‌ಗಳನ್ನು ಪಿಸ್ಟನ್‌ಗಳ ಲಯಕ್ಕೆ ತಕ್ಕಂತೆ ತೆರೆದು ಮುಚ್ಚಿಸುವ ಟೈಮಿಂಗ್ ಚೈನಿನ ಟೆನ್ಷನರ್. ಆರಂಭದ ವರ್ಷಗಳ ಟೆನ್ಷನರ್ ತನ್ನ ಹಿಡಿತ ಕಳೆದುಕೊಂಡರೆ ಚೈನ್ ಹಲ್ಲು ತಪ್ಪಿ ವಾಲ್ವ್ ಮತ್ತು ಪಿಸ್ಟನ್ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಅಲ್ಲಿಗೆ ಎಂಜಿನ್ನಿನ ಕತೆ ಮುಗಿಯಿತು. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡು ಸರಪಳಿ ಉಜ್ಜಿದಂತಹ ಗರಗರ ಸದ್ದು ಬರುವುದು ಇದರ ಮುನ್ಸೂಚನೆ. ತಿಳಿದ ಮೆಕ್ಯಾನಿಕ್ ಸದ್ದನ್ನಷ್ಟೇ ನಂಬುವುದಿಲ್ಲ: ಟೈಮಿಂಗ್ ಕವರ್‌ನ ಕೆಳಭಾಗದಲ್ಲಿರುವ ಸಣ್ಣ ಮುಚ್ಚಳವನ್ನು ತೆಗೆದು, ಕನ್ನಡಿಯನ್ನೋ ಸಣ್ಣ ಕ್ಯಾಮೆರಾವನ್ನೋ ಒಳಗೆ ತೂರಿಸಿ, ಟೆನ್ಷನರಿನ ದಂಡದ ಮೇಲೆ ಎಷ್ಟು ಹಲ್ಲುಗಳು ಹೊರಗೆ ಕಾಣುತ್ತವೆ ಎಂದು ಎಣಿಸುತ್ತಾನೆ. ಹೆಚ್ಚು ಹಲ್ಲು ಹೊರಬಂದಷ್ಟೂ ಚೈನ್ ಹೆಚ್ಚು ಹಿಗ್ಗಿದೆ ಎಂದರ್ಥ. ಸ್ಕ್ಯಾನರಿನಲ್ಲಿ ಕ್ಯಾಮ್‌ಶಾಫ್ಟ್ ಎಷ್ಟು ಡಿಗ್ರಿ ವಾಲಿದೆ ಎಂಬುದನ್ನೂ ನೋಡಿ ಎರಡನ್ನೂ ತಾಳೆ ಹಾಕುತ್ತಾನೆ. ಈ ಪರೀಕ್ಷೆಯನ್ನು ಮಾಡದೆ ‘ಚೈನ್ ಚೆನ್ನಾಗಿದೆ’ ಎನ್ನುವ ಗ್ಯಾರೇಜಿನ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಸುಧಾರಿತ ಟೆನ್ಷನರ್, ಹೊಸ ಚೈನ್ ಮತ್ತು ಗೈಡ್‌ಗಳನ್ನು ಹಾಕಿಸಿದರೆ ಅದು ಒಮ್ಮೆ ಮುಗಿಯುವ ಖರ್ಚು.

ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಹೌಸಿಂಗ್ ಕೂಡ ಈ ಜಾತಿಯವೇ. ಪ್ಲಾಸ್ಟಿಕ್ಕಿನ ಈ ಜೋಡಿ, ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿರುವುದರಿಂದ ಸೋರಿಕೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಒಣಗಿದ ಗುಲಾಬಿ ಬಣ್ಣದ ಕಲೆ, ಆಗಾಗ ಇಳಿಯುವ ಕೂಲೆಂಟ್ ಮಟ್ಟ ಇವಷ್ಟೇ ಸುಳಿವು. ಇಲ್ಲಿ ಹಣ ಉಳಿಸುವ ದಾರಿಯೊಂದಿದೆ. ಪಂಪಿಗಾಗಿ ಮ್ಯಾನಿಫೋಲ್ಡ್ ಕಳಚಿದಾಗ ಇನ್‌ಟೇಕ್ ವಾಲ್ವ್‌ಗಳು ಕೈಗೆಟಕುವಂತೆ ಹೊರಗೆ ಕಾಣುತ್ತವೆ. ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಈ ಎಂಜಿನ್ನಿನಲ್ಲಿ ಪೆಟ್ರೋಲ್ ಆ ವಾಲ್ವ್‌ಗಳನ್ನು ತೊಳೆಯುವುದೇ ಇಲ್ಲವಾದ್ದರಿಂದ ಅವುಗಳ ಮೇಲೆ ಕಾರ್ಬನ್ ಗಟ್ಟಿಯಾಗಿ ಕೂತಿರುತ್ತದೆ. ಆಗಲೇ ಅದನ್ನೂ ತೆಗೆಸಿದರೆ ಒಂದೇ ಲೇಬರಿನಲ್ಲಿ ಎರಡು ಕೆಲಸ ಮುಗಿಯುತ್ತದೆ.

ಇನ್ನು ಈ ಎಂಜಿನ್ನಿನ ಆಯಿಲ್ ಕುಡಿಯುವ ಚಟ. ಪಿಸ್ಟನ್ ರಿಂಗಿನ ಸಣ್ಣ ರಂಧ್ರಗಳು ಕಟ್ಟಿಕೊಂಡು ಆಯಿಲ್ ಉರಿದುಹೋಗುವುದರಿಂದ ಇದು ಬರುತ್ತದೆ. 1,000 ಕಿ.ಮೀ.ಗೆ ಅರ್ಧ ಲೀಟರಿನವರೆಗೆ ಸಹಜ ಎಂದು ಕಂಪನಿಯೇ ಹೇಳುತ್ತದೆ. ವರ್ಷಕ್ಕೆ 12,000 ಕಿ.ಮೀ. ಓಡುವ ಕಾರಿಗೆ ಆ ಲೆಕ್ಕದಲ್ಲಿ 6 ಲೀಟರ್ ಹೆಚ್ಚುವರಿ ಆಯಿಲ್ ಬೇಕು. ಲೀಟರಿಗೆ 1,000 ರೂಪಾಯಿ ಎಂದುಕೊಂಡರೂ 6,000 ರೂಪಾಯಿ. ಪಿಸ್ಟನ್ ಬದಲಿಸಲು ಎಂಜಿನ್ ಬಿಚ್ಚಿಸುವ ಖರ್ಚಿನ ಮುಂದೆ ಇದು ಏನೇನೂ ಅಲ್ಲ. ಪ್ರತಿ ವಾರ ಡಿಪ್‌ಸ್ಟಿಕ್ ನೋಡುವ ಶಿಸ್ತು ಇರುವವರು ಎಂಜಿನ್ ಬಿಚ್ಚಿಸದೆ ಆಯಿಲ್ ಸುರಿಯುತ್ತಾ ಹೋಗುವುದೇ ಸರಿ. ಸೇವನೆ ಅರ್ಧ ಲೀಟರನ್ನು ದಾಟಿ ಏರುತ್ತಿದ್ದರೆ ಮಾತ್ರ ಇದು ಮುಗಿಯದ ಖರ್ಚಾಗಿ ಬದಲಾಗುತ್ತದೆ. ಆಗ ಸ್ಪಾರ್ಕ್ ಪ್ಲಗ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಹಾಳಾಗತೊಡಗುತ್ತವೆ.

ನಿರ್ಧಾರ ಮಾಡುವುದು ಗೇರ್‌ಬಾಕ್ಸ್

ಈ ಕಾರುಗಳಲ್ಲಿ ಉಳಿಸಿಕೊಳ್ಳಬೇಕಾದುದನ್ನು ಮಾರಬೇಕಾದುದರಿಂದ ಬೇರ್ಪಡಿಸುವ ಗೆರೆ ಎಂಜಿನ್ನಿನಲ್ಲಿಲ್ಲ, ಗೇರ್‌ಬಾಕ್ಸಿನಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಲಾರಾ ವಿಆರ್‌ಎಸ್ ಭಾರತದಲ್ಲಿ ಆರು ಗೇರಿನ ಮ್ಯಾನುಯಲ್ ರೂಪದಲ್ಲಿ ಬಂದಿತ್ತು. ಅದರ ಕ್ಲಚ್ ಮತ್ತು ಫ್ಲೈವೀಲ್ ಸವೆದರೆ ಬಿಲ್ಲು ದೊಡ್ಡದೇ, ಆದರೆ ಒಮ್ಮೆ ಹಾಕಿಸಿದರೆ ಹಲವು ವರ್ಷ ಆ ಕಡೆ ನೋಡಬೇಕಾಗಿಲ್ಲ. ಪೋಲೊ ಜಿಟಿ ಟಿಎಸ್‌ಐನ 1.2 ಎಂಜಿನ್ನಿಗೆ ಜೋಡಿಸಿದ್ದು ಡಿಎಸ್‌ಜಿ ಎಂಬ ಜೋಡಿ ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಏಳು ಗೇರಿನ, ಒಣ ಕ್ಲಚ್ಚಿನ ಮಾದರಿ, ಡಿಕ್ಯು200. ಸಿಲ್ಕ್ ಬೋರ್ಡ್ ಜಂಕ್ಷನ್ನಿನಂತಹ ಕಡೆ ಅಂಗುಲ ಅಂಗುಲವಾಗಿ ತೆವಳುವಾಗ ಅದರ ಕ್ಲಚ್‌ಗಳು ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಲೇ ಇರುತ್ತವೆ, ಆ ಶಾಖವನ್ನು ಹೊತ್ತೊಯ್ಯಲು ಸುತ್ತಲೂ ಎಣ್ಣೆಯಿಲ್ಲ. ಗೇರ್ ಬದಲಾವಣೆಯನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕವೂ ಅದೇ ಬಿಸಿಯಲ್ಲಿ ಬೇಯುತ್ತದೆ. ಬಿಸಿಯ ಮತ್ತು ತೇವದ ಹವೆಯಲ್ಲಿ ಈ ಗೇರ್‌ಬಾಕ್ಸಿನ ಸಿಂಥೆಟಿಕ್ ಆಯಿಲ್ ತೊಂದರೆ ಕೊಡುತ್ತದೆ ಎಂದು 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿ ಮಿನರಲ್ ಆಯಿಲ್ ತುಂಬಿಸಿತು. ಅದೇ ವರ್ಷ ಚೀನಾದಲ್ಲಿ ಇದೇ ಡಿಎಸ್‌ಜಿಯ ದೋಷಕ್ಕಾಗಿ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಕರೆಸಿಕೊಂಡಿತ್ತು. ಮೊದಲ ಮತ್ತು ಎರಡನೆಯ ಗೇರಿನ ನಡುವೆ ಅದುರುವಿಕೆ, ಮೀಟರಿನಲ್ಲಿ ಗೇರ್ ಅಕ್ಷರ ಮಿನುಗುವುದು, ಕೆಲವೊಮ್ಮೆ ರಿವರ್ಸ್ ಸಿಗದಿರುವುದು ಇದರ ಲಕ್ಷಣಗಳು. ಇಲ್ಲಿಯ ರಿಪೇರಿ ಮುಗಿಯುವ ಜಾತಿಯದಲ್ಲ, ಏಕೆಂದರೆ ಹೊಸ ಕ್ಲಚ್ ಹಾಕಿದ ಮೇಲೂ ಅದೇ ಟ್ರಾಫಿಕ್ಕಿನಲ್ಲಿ ಅದೇ ಶಾಖ. ದಿನವೂ ದಟ್ಟಣೆಯಲ್ಲಿ ಓಡಾಡುವವರ ಬಳಿ ಇಂತಹ ಕಾರಿದ್ದರೆ, ಲಕ್ಷಣಗಳು ಬರುವ ಮೊದಲೇ ಮಾರುವುದು ಜಾಣತನ. 2017ರಲ್ಲಿ ಬಂದ ಆಕ್ಟೇವಿಯಾ ಆರ್‌ಎಸ್‌ನಲ್ಲಿ 230 ಪಿಎಸ್ (ಅಶ್ವಶಕ್ತಿ) ಎಂಜಿನ್ನಿನ ಜೊತೆಗಿರುವುದು ಎಣ್ಣೆಯಲ್ಲಿ ಮುಳುಗಿರುವ ಆರು ಗೇರಿನ ಡಿಎಸ್‌ಜಿ. 60,000 ಕಿ.ಮೀ.ಗೊಮ್ಮೆ ಅದರ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ದಾಖಲೆಯಿದ್ದರೆ ಅದನ್ನು ಹೆದರದೆ ಇಟ್ಟುಕೊಳ್ಳಬಹುದು.

ಉಳಿದೆರಡು ಕಾರುಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಿಎಂಡಬ್ಲ್ಯು 320ಡಿ ಕಾರಿನ ಎನ್47 ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಹಿಂಭಾಗದಲ್ಲಿ, ಗೇರ್‌ಬಾಕ್ಸಿನ ಕಡೆಗಿರುವುದರಿಂದ ಅದನ್ನು ಬದಲಿಸಲು ಸಾಮಾನ್ಯವಾಗಿ ಎಂಜಿನ್ನನ್ನೇ ಇಳಿಸಬೇಕು. ಚೈನ್ ಬದಲಿಸಿದ ಬಿಲ್ಲು ಕಡತದಲ್ಲಿಲ್ಲದ ಕಾರನ್ನು ದಿನನಿತ್ಯಕ್ಕೆ ನೆಚ್ಚಿಕೊಳ್ಳಬಾರದು. ಅಬಾರ್ತ್ ಪುಂಟೊದ 145 ಪಿಎಸ್ 1.4 ಟಿ-ಜೆಟ್ ಎಂಜಿನ್ ಗಟ್ಟಿಮುಟ್ಟು, ಮ್ಯಾನುಯಲ್ ಗೇರ್‌ಬಾಕ್ಸ್ ಸರಳ. ಆದರೆ ಅದನ್ನು ತಯಾರಿಸಿದ ಫಿಯೆಟ್ ಬ್ರ್ಯಾಂಡ್ ಭಾರತದ ಷೋರೂಮುಗಳಿಂದ ಮರೆಯಾಗಿದೆ. ಅಲ್ಲಿ ಪ್ರಶ್ನೆ ಹಣದ್ದಲ್ಲ, ಒಂದು ಹೆಡ್‌ಲ್ಯಾಂಪಿಗಾಗಿ ಎಷ್ಟು ವಾರ ಕಾಯಬೇಕು ಎಂಬುದು.

ಹೊಸ ಕಾರಿನ ನಿಜವಾದ ವಾರ್ಷಿಕ ಖರ್ಚು

ರಿಪೇರಿಯಿಂದ ಬೇಸತ್ತವರು ನೋಡುವ ಹೊಸ ಕಾರುಗಳು ಸಾಮಾನ್ಯವಾಗಿ 150 ಪಿಎಸ್‌ನ ವರ್ಟಸ್ ಅಥವಾ ಸ್ಲಾವಿಯಾ, ಇಲ್ಲವೇ 160 ಪಿಎಸ್‌ನ ವರ್ನಾ ಟರ್ಬೊ. (ಲಾರಾ ವಿಆರ್‌ಎಸ್‌ನ ಶಕ್ತಿಯೂ 160 ಪಿಎಸ್. ಅಂದಿನ ವೇಗದ ಕಾರು ಇಂದಿನ ಸಾಮಾನ್ಯ ಸೆಡಾನಿನ ಸಮಕ್ಕೆ ಬಂದು ನಿಂತಿದೆ.) ಅವುಗಳ ಖರ್ಚನ್ನು ಕೇವಲ ಇಎಂಐ ಆಗಿ ನೋಡುವುದು ಸಾಲದು. ಲೆಕ್ಕಕ್ಕಾಗಿ ಎಕ್ಸ್-ಷೋರೂಮ್ 15 ಲಕ್ಷ ರೂಪಾಯಿಯ ಕಾರು ಎಂದು ಇಟ್ಟುಕೊಳ್ಳೋಣ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರುಗಳಿಗೆ ಜೀವಾವಧಿ ತೆರಿಗೆ ಶೇ 17, ಅದರ ಮೇಲೆ ಸೆಸ್ ಬೇರೆ. ತೆರಿಗೆಯೊಂದೇ 2.55 ಲಕ್ಷ ದಾಟುತ್ತದೆ, ವಿಮೆ ಇತ್ಯಾದಿ ಸೇರಿ ರಸ್ತೆಗೆ ಬರುವಷ್ಟರಲ್ಲಿ 18.5 ಲಕ್ಷ. ಐದು ವರ್ಷದ ನಂತರ 7.5 ಲಕ್ಷಕ್ಕೆ ಮಾರಾಟವಾದರೆ ಕರಗಿದ್ದು 11 ಲಕ್ಷ, ವರ್ಷಕ್ಕೆ 2.2 ಲಕ್ಷ. 12 ಲಕ್ಷ ಸಾಲವನ್ನು ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದಿದ್ದರೆ ಇಎಂಐ ಸುಮಾರು 24,900 ರೂಪಾಯಿ, ಒಟ್ಟು ಬಡ್ಡಿ 2.95 ಲಕ್ಷ, ಅಂದರೆ ವರ್ಷಕ್ಕೆ ಇನ್ನೂ 59,000. ಹೀಗೆ ಒಂದು ಬೋಲ್ಟೂ ಬಿಚ್ಚದೆ ಹೊಸ ಕಾರು ವರ್ಷಕ್ಕೆ ಸುಮಾರು 2.8 ಲಕ್ಷ ನುಂಗುತ್ತದೆ.

ಹಳೆಯ ಕಾರಿನ ಬೆಲೆ ಅದೇ ಐದು ವರ್ಷದಲ್ಲಿ 5 ಲಕ್ಷದಿಂದ 3.5 ಲಕ್ಷಕ್ಕೆ ಇಳಿಯಿತು ಎಂದುಕೊಂಡರೆ ನಷ್ಟ ವರ್ಷಕ್ಕೆ 30,000. ವಿಮೆ, ಸಾಮಾನ್ಯ ಸರ್ವಿಸ್ ಮತ್ತು ಪೆಟ್ರೋಲ್ ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಎಂದು ಬಿಟ್ಟರೆ, ವರ್ಷಕ್ಕೆ 2.5 ಲಕ್ಷದವರೆಗೆ ರಿಪೇರಿ ಮಾಡಿಸಿದರೂ ಹಳೆಯ ಕಾರು ಹೊಸದಕ್ಕಿಂತ ದುಬಾರಿಯಾಗುವುದಿಲ್ಲ. ಈ ಅಂಕಿಗಳ ಜಾಗದಲ್ಲಿ ಓದುಗರು ತಮ್ಮವನ್ನು ಹಾಕಿ ನೋಡಬೇಕು. ಆದರೆ ಬಹುತೇಕ ಲೆಕ್ಕಗಳು ಇದೇ ದಿಕ್ಕಿಗೆ ವಾಲುತ್ತವೆ. ಹಣ ಉಳಿಸಲೆಂದು ಹೊಸ ಕಾರು ಕೊಳ್ಳುತ್ತೇನೆ ಎನ್ನುವ ಮಾತಿನಲ್ಲಿ ಹುರುಳಿಲ್ಲ.

ಹೊಸ ಕಾರು ಕೊಡುವುದು ಹಣವನ್ನಲ್ಲ, ದಿನಗಳನ್ನು. ಹಳೆಯ ಕಾರು ಸರಿಹೋಗಲು ಎರಡು ದಿನದ ಕೆಲಸವಿದ್ದರೂ, ಭಾಗ ಬರುವವರೆಗೆ ಮೂರು ವಾರ ಗ್ಯಾರೇಜಿನ ಮೂಲೆಯಲ್ಲಿ ನಿಂತಿರುತ್ತದೆ. ಆ ದಿನಗಳ ಕ್ಯಾಬ್ ಖರ್ಚು, ತಪ್ಪಿದ ಸಭೆ, ಆಸ್ಪತ್ರೆಗೆ ಹೊರಟಾಗ ಕೈಕೊಡುವ ಭಯ ಇವನ್ನು ಯಾವ ಎಸ್ಟಿಮೇಟೂ ಬರೆಯುವುದಿಲ್ಲ. ಮನೆಯಲ್ಲಿ ಇದೊಂದೇ ಕಾರಿದ್ದು, ವಯಸ್ಸಾದವರೋ ಚಿಕ್ಕ ಮಕ್ಕಳೋ ಅದನ್ನೇ ನೆಚ್ಚಿಕೊಂಡಿದ್ದರೆ ಹೊಸ ಕಾರಿಗೆ ಹೋಗುವುದನ್ನು ನಾನು ಎರಡು ಮಾತಿಲ್ಲದೆ ಒಪ್ಪುತ್ತೇನೆ. ಹಾಗೆ ಹೋಗುವವರು ಒಂದನ್ನು ಗಮನಿಸಬೇಕು: ವರ್ಟಸ್ ಮತ್ತು ಸ್ಲಾವಿಯಾದ 1.5 ಎಂಜಿನ್ನಿನ ಆಟೊಮ್ಯಾಟಿಕ್‌ನಲ್ಲಿರುವುದು ಮತ್ತೆ ಒಣ ಕ್ಲಚ್ಚಿನ ಡಿಎಸ್‌ಜಿಯೇ. ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆಯಿದ್ದರೆ ಮ್ಯಾನುಯಲ್ ಕೊಳ್ಳಿ, ಇಲ್ಲವೇ ವಾರಂಟಿಯನ್ನು ವಿಸ್ತರಿಸಿಕೊಳ್ಳಿ.

ಜೊತೆಗೊಂದು ಸಣ್ಣ ಕಾರು

ದಿನಗಳೇ ಮುಖ್ಯವೆಂದ ಮೇಲೆ ಅವನ್ನು ಅಗ್ಗವಾಗಿ ಕೊಳ್ಳುವ ದಾರಿಯೂ ಇದೆ. ಮೂರು ಲಕ್ಷದ ಆಸುಪಾಸಿನ, ಎಲ್ಲೆಡೆ ಬಿಡಿಭಾಗ ಸಿಗುವ ಮಾರುತಿಯನ್ನೋ ಹ್ಯುಂಡೈಯನ್ನೋ ಸೆಕೆಂಡ್ ಹ್ಯಾಂಡ್ ಕೊಂಡರೆ, ಅದರ ಜೀವಾವಧಿ ತೆರಿಗೆಯನ್ನು ಮೊದಲ ಮಾಲೀಕನೇ ಕಟ್ಟಿರುತ್ತಾನೆ. ಬೆಲೆಯ ಇಳಿಕೆ, ವಿಮೆ, ಸರ್ವಿಸ್ ಎಲ್ಲ ಸೇರಿ ವರ್ಷಕ್ಕೆ 60,000ದಿಂದ 70,000 ಎಂದು ಅಂದಾಜಿಸಬಹುದು. ಪ್ರತಿಯಾಗಿ ಹಳೆಯ ಕಾರು ಟ್ರಾಫಿಕ್ಕಿನಿಂದ ಪಾರಾಗುತ್ತದೆ, ಅದರ ಎಂಜಿನ್ ಗಂಟೆಗಳು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತವೆ, ಭಾಗಕ್ಕಾಗಿ ಮೂರು ವಾರ ಕಾಯುವುದು ತಲೆನೋವಾಗುವುದಿಲ್ಲ. ಅವಸರವಿಲ್ಲದವನಿಗೆ ಮಾತ್ರ ಸಿಗುವ ಚೌಕಾಸಿಯೊಂದಿದೆ: ಷೋರೂಮಿನ ಪೆಟ್ಟಿಗೆಯಲ್ಲಿ ಬರುವ ಭಾಗವನ್ನೇ, ಅದನ್ನು ತಯಾರಿಸಿದ ಬಾಷ್, ವ್ಯಾಲಿಯೊ, ಮಾಹ್ಲೆಯಂತಹ ಕಂಪನಿಯ ಸ್ವಂತ ಪೆಟ್ಟಿಗೆಯಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೋ ಆನ್‌ಲೈನಿನಲ್ಲೋ ಹುಡುಕಿ ಕಡಿಮೆ ಬೆಲೆಗೆ ತರಿಸಿಕೊಳ್ಳಬಹುದು. ಪಾರ್ಕಿಂಗ್ ಜಾಗವಿರುವ ಹೆಚ್ಚಿನವರಿಗೆ ನಾನು ಸೂಚಿಸುವುದು ಇದನ್ನೇ. ಅಪಾರ್ಟ್‌ಮೆಂಟಿನಲ್ಲಿ ಒಂದೇ ಜಾಗವಿದ್ದರೆ ಈ ಆಯ್ಕೆ ಅಲ್ಲಿಗೇ ಬಿದ್ದುಹೋಗುತ್ತದೆ. ಬೀದಿಯಲ್ಲಿ ಹಗಲಿರುಳು ನಿಂತ ಕಾರು ಉಳಿಯುವುದಿಲ್ಲ.

ನಿಲ್ಲಿಸಿದ ಕಾರಿಗೂ ತನ್ನದೇ ಖರ್ಚುಗಳಿವೆ. ಬ್ಯಾಟರಿ ಇಳಿಯುತ್ತದೆ, ಟೈರು ಚಪ್ಪಟೆಯಾಗುತ್ತದೆ. ಈಗ ಬಂಕುಗಳಲ್ಲಿ ಸಿಗುವ ಶೇ 20 ಎಥೆನಾಲ್ ಮಿಶ್ರಿತ ಪೆಟ್ರೋಲ್ 2023ಕ್ಕಿಂತ ಹಿಂದಿನ ಕಾರುಗಳನ್ನು ಗಮನದಲ್ಲಿಟ್ಟು ರೂಪಿಸಿದ್ದಲ್ಲ. ಎಥೆನಾಲ್ ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡುವುದು ಒಳ್ಳೆಯದಲ್ಲ. ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಬೇಕು. ಓಡಿಸುವುದಿಲ್ಲವೆಂದು ವಿಮೆ ತಪ್ಪಿಸುವುದೂ ಸಲ್ಲದು, ಅವಧಿ ಮುಗಿದು 90 ದಿನ ಕಳೆದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಕೈತಪ್ಪುತ್ತದೆ.

ಇನ್ನೊಂದು ಹಳೆಯ ವೇಗದ ಕಾರಿಗೆ ಬದಲಾಯಿಸಿಕೊಳ್ಳುವ ಆಸೆ ಅನೇಕರಿಗಿರುತ್ತದೆ. ದೆಹಲಿಯಲ್ಲಿ ಪೆಟ್ರೋಲ್ ಕಾರಿಗೆ 15 ವರ್ಷ, ಡೀಸೆಲ್‌ಗೆ 10 ವರ್ಷ ಎಂಬ ನಿರ್ಬಂಧ ಬಂದ ಮೇಲೆ ಅಲ್ಲಿಂದ ಅಗ್ಗವಾಗಿ ಬರತೊಡಗಿದ ಕಾರುಗಳು ಈ ಆಸೆಗೆ ನೀರೆರೆಯುತ್ತವೆ. ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಕರ್ನಾಟಕದ ತೆರಿಗೆ, ಮರುನೋಂದಣಿ ಎಲ್ಲ ಕಳೆದ ಮೇಲೆ ಉಳಿತಾಯ ಅಲ್ಪ. ಅದಕ್ಕಿಂತ ಮುಖ್ಯವಾಗಿ, ತನ್ನ ಕಾರಿನ ಕಾಯಿಲೆಗಳನ್ನು ಅರಿತವನು ಅರಿಯದ ಕಾಯಿಲೆಗಳನ್ನು ಕೊಂಡಂತಾಗುತ್ತದೆ. ನಾಲ್ಕು ಆಯ್ಕೆಗಳಲ್ಲಿ ಇದು ಕೊನೆಯದು.

ಉಳಿಸಿಕೊಳ್ಳುವವರು ಕಾಗದಪತ್ರದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಹದಿನೈದು ವರ್ಷ ತುಂಬಿದ ಕಾರಿನ ಆರ್‌ಸಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು, 2025ರಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000 ಆಯಿತು. ಆಮದಾದ ಕಾರಿಗೆ ಹದಿನೈದು ವರ್ಷದ ನಂತರವೇ 40,000. 2011ರ ಲಾರಾ 2026ರಲ್ಲಿ ಈ ಬಾಗಿಲಿಗೆ ಬರುತ್ತದೆ. ವಿಮೆಯ ಕಡೆಯಿಂದ ಬರುವ ಹೊಡೆತ ಇದಕ್ಕಿಂತ ದೊಡ್ಡದು: ಭಾಗಗಳ ಸವಕಳಿಯನ್ನು ಕಳೆಯದೆ ಹಣ ಕೊಡುವ ಜೀರೊ ಡೆಪ್ ಕವರ್ ಇಲ್ಲದ ಹಳೆಯ ಕಾರಿಗೆ ಅಪಘಾತವಾದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಅರ್ಧ ಬೆಲೆಯನ್ನು ಮಾಲೀಕನೇ ಕೊಡಬೇಕು, ಹತ್ತು ವರ್ಷ ಮೀರಿದ ಕಾರಿನ ಲೋಹದ ಭಾಗಗಳಿಗೂ ಶೇ 50 ಕಡಿತ. ರಿಪೇರಿ ಅಂದಾಜು ಐಡಿವಿಯ (ವಿಮೆಯಲ್ಲಿ ನಮೂದಿಸಿದ ಕಾರಿನ ಮೌಲ್ಯ) ಶೇ 75 ದಾಟಿದರೆ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತಾರೆ. ಐದು ವರ್ಷ ಮೀರಿದ ಕಾರಿನ ಐಡಿವಿ ವಿಮಾ ಕಂಪನಿ ಮತ್ತು ಮಾಲೀಕರ ಒಪ್ಪಿಗೆಯಿಂದ ನಿಗದಿಯಾಗುವುದರಿಂದ, ಪ್ರೀಮಿಯಂ ಕೆಲವು ಸಾವಿರ ಕಡಿಮೆಯಾಗಲೆಂದು ಅದನ್ನು ತಗ್ಗಿಸಿಕೊಂಡವರ ಕಾರು ಒಂದು ಮಧ್ಯಮ ಗಾತ್ರದ ಡಿಕ್ಕಿಗೇ ಗುಜರಿ ಸೇರಬಹುದು. ಈ ವರ್ಷ ಟೆನ್ಷನರ್, ಪಂಪ್, ಕ್ಲಚ್‌ಗಳಿಗೆ ಹಣ ಹಾಕಿದವರು ಆ ಬಿಲ್ಲುಗಳನ್ನು ತೋರಿಸಿ, ಮುಂದಿನ ನವೀಕರಣದಲ್ಲಿ ಐಡಿವಿಯನ್ನು ಸಾಧ್ಯವಾದಷ್ಟು ಮೇಲೆ ನಿಲ್ಲಿಸಿಕೊಳ್ಳಬೇಕು.